ಒಂದು ರೂಪಾಯಿಯ ಸಾಕ್ಷ್ಯ

ನಿಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ಷೇರು ವಹಿವಾಟಿನ ಖಾತೆಯನ್ನೋ ಮ್ಯೂಚುವಲ್ ಫಂಡನ್ನೋ ಅಂತರಜಾಲದ ಮೂಲಕ ತೆರೆದವರಾದರೆ, ಎಲ್ಲೋ ಒಂದು ಸಾಲಿನಲ್ಲಿ ಕೇವಲ ಒಂದು ರೂಪಾಯಿ ಜಮೆಯಾಗಿರುವುದು ಕಾಣಬಹುದು. ಯಾರು ಕೊಟ್ಟರು, ಏಕೆ ಕೊಟ್ಟರು ಎಂದು ಯೋಚಿಸಿದ್ದೀರಾ? ಅದು ದಾನವೂ ಅಲ್ಲ, ಲೆಕ್ಕದ ತಪ್ಪೂ ಅಲ್ಲ. ಎದುರಿಗಿಲ್ಲದ ಮನುಷ್ಯನೊಬ್ಬ 'ಈ ಖಾತೆ ನನ್ನದು' ಎಂದಾಗ ಅದನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ತಂತ್ರಜ್ಞರು ಕಂಡುಕೊಂಡ ಉತ್ತರಗಳಲ್ಲಿ ಅದೂ ಒಂದು.

ಬ್ಯಾಂಕಿನ ಕೌಂಟರಿನಲ್ಲಿ ಈ ಪ್ರಶ್ನೆ ಅಷ್ಟು ತೊಡಕಿನದಾಗಿರಲಿಲ್ಲ. ಗುಮಾಸ್ತರು ಮುಖ ನೋಡುತ್ತಿದ್ದರು, ಸಹಿಯನ್ನು ಹೋಲಿಸುತ್ತಿದ್ದರು. ಅಂತರಜಾಲದಲ್ಲಿ ಮುಖವೂ ಇಲ್ಲ, ಸಹಿಯೂ ಇಲ್ಲ, ಇರುವುದು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಮೊದಲಿಗೆ ರೂಪಿಸಿದವರು ಕಳ್ಳರನ್ನು ತಡೆಯುವ ಯೋಚನೆಯನ್ನೇ ಮಾಡಿರಲಿಲ್ಲ.

ನಿಮ್ಮ ಕಾರ್ಡಿನ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಅದರ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರೆದ ಪರೀಕ್ಷಾ ಅಂಕಿ. ಈ ವಿಧಾನಕ್ಕೆ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟ್ ಕೋರಿದರು, 1960ರಲ್ಲಿ ಅದು ದೊರೆಯಿತು. ಲೆಕ್ಕ ಸುಲಭ, ನೀವೂ ಮಾಡಿ ನೋಡಬಹುದು. ಬಲದಿಂದ ಎಡಕ್ಕೆ ಎರಡನೆಯ, ನಾಲ್ಕನೆಯ, ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಬೇಕು. ಇಮ್ಮಡಿಸಿದ್ದು ಎರಡಂಕಿಯಾದರೆ ಆ ಎರಡನ್ನೂ ಕೂಡಿಸಿ ಒಂದಾಗಿಸಬೇಕು. ಎಲ್ಲದರ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಸರಿ. ಉದಾಹರಣೆಗೆ 1834: 4, ಮೂರರ ಇಮ್ಮಡಿ 6, ನಂತರ 8, ಒಂದರ ಇಮ್ಮಡಿ 2, ಒಟ್ಟು 20. ಕೈತಪ್ಪಿ 1384 ಎಂದು ಬರೆದರೆ 4, 7, 3, 2 ಸೇರಿ 16 ಆಗುತ್ತದೆ, ತಪ್ಪು ಸಿಕ್ಕಿಬಿತ್ತು. ಒಂದು ಅಂಕಿಯ ತಪ್ಪನ್ನು ಈ ವಿಧಾನ ಯಾವಾಗಲೂ ಹಿಡಿಯುತ್ತದೆ, ಅಕ್ಕಪಕ್ಕದ ಅಂಕಿಗಳು ಅದಲುಬದಲಾದದ್ದನ್ನು ಬಹುಮಟ್ಟಿಗೆ ಹಿಡಿಯುತ್ತದೆ (09 ಮತ್ತು 90 ಮಾತ್ರ ತಪ್ಪಿಸಿಕೊಳ್ಳುತ್ತವೆ). ಆದರೆ ಇದು ಗುಮಾಸ್ತರ ಕೈತಪ್ಪಿಗೆ ಮದ್ದು, ಕಳ್ಳತನಕ್ಕಲ್ಲ. ಲೆಕ್ಕ ಬಲ್ಲ ಯಾರು ಬೇಕಾದರೂ 'ಸರಿಯಾದ' ಸಂಖ್ಯೆಯನ್ನು ಬರೆಯಬಲ್ಲರು. ಕಾರ್ಡಿನ ಸಂಖ್ಯೆ ಎಂದೂ ಗುಟ್ಟಾಗಿರಲಿಲ್ಲ. ಹೋಟೆಲಿನ ಮಾಣಿಯಿಂದ ಹಿಡಿದು ಪೆಟ್ರೋಲ್ ಬಂಕಿನ ಹುಡುಗನವರೆಗೆ ಎಲ್ಲರೂ ಅದನ್ನು ನೋಡುತ್ತಿದ್ದರು. ಹೆಸರಿನಂತಿದ್ದ ಈ ಸಂಖ್ಯೆಯನ್ನು ಬೀಗದ ಕೈಯಂತೆ ಬಳಸಲು ಹೊರಟದ್ದೇ ಮುಂದಿನ ಅನೇಕ ತೊಂದರೆಗಳ ಮೂಲ.

1994ರ ಆಗಸ್ಟ್ 11ರಂದು ಅಮೆರಿಕದ ಫಿಲಡೆಲ್ಫಿಯಾದ ಒಬ್ಬ ಗ್ರಾಹಕ ನೆಟ್‌ಮಾರ್ಕೆಟ್ ಎಂಬ ಪುಟ್ಟ ಸಂಸ್ಥೆಯಿಂದ ಗಾಯಕ ಸ್ಟಿಂಗ್‌ನ ಸಂಗೀತದ ಸಿ.ಡಿ.ಯೊಂದನ್ನು ಕೊಂಡ. ಬೆಲೆ 12.48 ಡಾಲರ್, ಜೊತೆಗೆ ಸಾಗಣೆ ವೆಚ್ಚ. ಕಾರ್ಡಿನ ಸಂಖ್ಯೆಯನ್ನು ಗೂಢಲಿಪಿಗೆ ಬದಲಾಯಿಸಿ ಅಂತರಜಾಲದಲ್ಲಿ ಕಳಿಸಿದ ಮೊದಲ ಖರೀದಿ ಎಂದು ಮರುದಿನ ನ್ಯೂಯಾರ್ಕ್ ಟೈಮ್ಸ್ ಅದನ್ನು ವರದಿ ಮಾಡಿತು. ಇದರ ಹಿಂದಿನ ಗಣಿತ ಆಗಲೇ ಹದಿನೆಂಟು ವರ್ಷ ಹಳೆಯದು. ಇಬ್ಬರು ಅಪರಿಚಿತರು ಮೊದಲೇ ಗುಟ್ಟು ಹಂಚಿಕೊಳ್ಳದೆ ರಹಸ್ಯವಾಗಿ ಮಾತನಾಡಬಹುದೆಂದು ಡಿಫೀ ಮತ್ತು ಹೆಲ್‌ಮನ್ 1976ರಲ್ಲಿ ತೋರಿಸಿದ್ದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಅದಕ್ಕೊಂದು ಬಳಸಬಹುದಾದ ರೂಪ ಕೊಟ್ಟರು.

ಇದನ್ನು ಸಾಮಾನ್ಯ ಜನರ ಕೈಗೆ ತಲುಪಿಸಿದ್ದು ನೆಟ್‌ಸ್ಕೇಪ್ ಸಂಸ್ಥೆಯ ಎಸ್‌ಎಸ್‌ಎಲ್ ಎಂಬ ವ್ಯವಸ್ಥೆ. ಅದರ ಮೊದಲ ಆವೃತ್ತಿ ಹೊರಬರಲೇ ಇಲ್ಲ; ಎರಡನೆಯದು 1995ರಲ್ಲಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ನೆಟ್‌ಸ್ಕೇಪ್ ತಂತ್ರಾಂಶದಲ್ಲಿ ಒಂದು ದೋಷ ಹುಡುಕಿದರು. ಅವರು ಮುರಿದದ್ದು ಗಣಿತವನ್ನಲ್ಲ. ಗೂಢಲಿಪಿಯ ಕೀಲಿ ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಯಾಗಿರಬೇಕು; ನೆಟ್‌ಸ್ಕೇಪ್ ಅದನ್ನು ಗಣಕದ ಗಡಿಯಾರ ಮತ್ತು ಚಾಲನೆಯಲ್ಲಿರುವ ಪ್ರೋಗ್ರಾಮಿನ ಕ್ರಮಸಂಖ್ಯೆಗಳಿಂದ ತಯಾರಿಸುತ್ತಿತ್ತು. ಈಗ ಗಂಟೆ ಎಷ್ಟು ಎನ್ನುವುದು ಎಂಥ ಗುಟ್ಟು, ಹೇಳಿ! ದೋಷವನ್ನು ಬೇಗನೆ ಸರಿಪಡಿಸಲಾಯಿತು. ಎಸ್‌ಎಸ್‌ಎಲ್ ಮುಂದೆ 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರು ಪಡೆಯಿತು. 2018ರ ಟಿಎಲ್‌ಎಸ್ 1.3 ಅದರದೇ ವಂಶದ್ದು.

ಆದರೆ ಇಲ್ಲೊಂದು ಮಾತನ್ನು ಗಮನಿಸಬೇಕು. ಈ ವ್ಯವಸ್ಥೆ ಕಾಪಾಡುವುದು ದಾರಿಯನ್ನು, ಮನೆಯನ್ನಲ್ಲ. ಸಂಖ್ಯೆ ಅಂಗಡಿಯನ್ನು ತಲುಪಿದ ಮೇಲೆ ಅಂಗಡಿಯವರು ಅದನ್ನು ಎಲ್ಲಿಟ್ಟರು ಎಂಬುದು ಅವರಿಗೇ ಬಿಟ್ಟದ್ದು. ಬಹಳ ಮಂದಿ ಅದನ್ನು ಇದ್ದ ಹಾಗೆಯೇ ಕಡತಗಳಲ್ಲಿ ತುಂಬಿಟ್ಟಿದ್ದರು. 2000ದ ಜನವರಿಯಲ್ಲಿ ಸಿಡಿ ಯೂನಿವರ್ಸ್ ಎಂಬ ಅಂಗಡಿಯಿಂದ ಮೂರು ಲಕ್ಷ ಕಾರ್ಡುಗಳ ವಿವರ ಕದ್ದಿರುವುದಾಗಿ ಒಬ್ಬ ಹೇಳಿಕೊಂಡು, ಒಂದು ಲಕ್ಷ ಡಾಲರ್ ಕೇಳಿ, ಕೊಡದಿದ್ದಾಗ ಸಾವಿರಾರು ಸಂಖ್ಯೆಗಳನ್ನು ಬಹಿರಂಗಗೊಳಿಸಿದ. 2004ರ ಡಿಸೆಂಬರಿನಲ್ಲಿ ಕಾರ್ಡ್ ಕಂಪನಿಗಳು ಒಟ್ಟಾಗಿ ಅಂಗಡಿಗಳಿಗೆ ಪಿಸಿಐ ಡಿಎಸ್‌ಎಸ್ ಎಂಬ ನಿಯಮಾವಳಿ ತಂದವು. ಕಾರ್ಡಿನ ಹಿಂಬದಿಯ ಮೂರಂಕಿಯನ್ನು ವ್ಯವಹಾರ ಮುಗಿದ ಮೇಲೆ ಯಾರೂ ಇಟ್ಟುಕೊಳ್ಳಕೂಡದು ಎಂಬುದು ಅದರ ಮುಖ್ಯ ಕಟ್ಟಳೆಗಳಲ್ಲಿ ಒಂದು.

ಇಷ್ಟಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು: ಸಂಖ್ಯೆಯನ್ನು ಟೈಪು ಮಾಡುತ್ತಿರುವವರು ಅದರ ಒಡೆಯರೇ? ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ದುರ್ಬಳಕೆಯಾದರೆ ಗ್ರಾಹಕರ ಹೊಣೆ 50 ಡಾಲರಿಗೆ ಸೀಮಿತ ಎಂದು ಕಾನೂನು 1970ರ ದಶಕದಲ್ಲೇ ಹೇಳಿತ್ತು. ಆದ್ದರಿಂದ ಅಲ್ಲಿನ ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಬ್ಯಾಂಕ್ ಖಾತೆಯ ವಿಷಯ ಬೇರೆ. ಕಾರ್ಡಿನಲ್ಲಿ ಮೋಸವಾದರೆ ಹೋಗುವುದು ಮೊದಲಿಗೆ ಬ್ಯಾಂಕಿನ ಹಣ; ಖಾತೆಯಲ್ಲಿ ಮೋಸವಾದರೆ ನಿಮ್ಮದೇ ಸಂಬಳ.

1998ರಲ್ಲಿ ಹುಟ್ಟಿದ ಸಂಸ್ಥೆಯಿಂದ ಬೆಳೆದ ಪೇಪಾಲ್‌ಗೆ ಕಾರ್ಡ್ ಕಂಪನಿಗಳ ಶುಲ್ಕ ಹೊರೆಯಾಗಿತ್ತು. ಗ್ರಾಹಕರು ಬ್ಯಾಂಕ್ ಖಾತೆಯನ್ನೇ ಜೋಡಿಸಿದರೆ ಖರ್ಚು ಬಹಳ ಕಡಿಮೆ. ಆದರೆ ಅಮೆರಿಕದ ಖಾತೆ ಸಂಖ್ಯೆ ಪ್ರತಿ ಚೆಕ್ಕಿನ ಕೆಳಗೂ ಅಚ್ಚಾಗಿರುತ್ತದೆ! ಯಾರದೋ ಚೆಕ್ ನೋಡಿ ಅದನ್ನು ತನ್ನದೆಂದು ಬರೆದುಕೊಟ್ಟರೆ? ಆಗ ಸಂಸ್ಥೆಯಲ್ಲಿದ್ದ ಭಾರತೀಯ ಮೂಲದ ಸಂಜಯ್ ಭಾರ್ಗವ ಸೂಚಿಸಿದ ಉಪಾಯ ಬಲು ಸರಳ. ಒಂದು ಡಾಲರಿಗಿಂತ ಕಡಿಮೆಯ ಎರಡು ಮೊತ್ತಗಳನ್ನು, ಉದಾಹರಣೆಗೆ 35 ಸೆಂಟ್ ಮತ್ತು 07 ಸೆಂಟ್, ಆ ಖಾತೆಗೆ ಹಾಕುವುದು. ಎಷ್ಟು ಬಂತೆಂದು ಗ್ರಾಹಕರು ತಿಳಿಸಬೇಕು. ಎರಡೂ ಸೇರಿದರೆ ನಾಲ್ಕಂಕಿಯ ಗುಟ್ಟು ಆಯಿತು, ಎಟಿಎಂ ಪಿನ್ನಿನಂತೆ. ಖಾತೆಯ ಲೆಕ್ಕಪಟ್ಟಿ ನೋಡಬಲ್ಲವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಗುಟ್ಟನ್ನು ಒಯ್ದು ಮುಟ್ಟಿಸಲು ಬ್ಯಾಂಕಿನ ಹಳೆಯ ಜಮಾ ವ್ಯವಸ್ಥೆಯನ್ನೇ ಅಂಚೆಯಣ್ಣನನ್ನಾಗಿ ಮಾಡಿದ್ದು ಇದರ ಜಾಣ್ಮೆ. ಹೊಸ ಯಂತ್ರವಿಲ್ಲ, ಬ್ಯಾಂಕುಗಳ ಅನುಮತಿಯೂ ಬೇಕಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವ ಭಾಗ ಇದೇ.

ಇದಕ್ಕೂ ಕನ್ನ ಹಾಕಿದವರಿದ್ದಾರೆ. ಬೇರೆ ಸಂಸ್ಥೆಗಳೂ ಇದೇ ಉಪಾಯ ಅನುಸರಿಸತೊಡಗಿದಾಗ, ಕ್ಯಾಲಿಫೋರ್ನಿಯಾದ ಯುವಕನೊಬ್ಬ ಪ್ರೋಗ್ರಾಮ್ ಬರೆದು ಕಾರ್ಟೂನ್ ಪಾತ್ರಗಳ ಹೆಸರಿನಲ್ಲೂ ಸೇರಿ ಸುಮಾರು 58,000 ಷೇರು ಖಾತೆಗಳನ್ನು ತೆರೆದು ಆ ಚಿಲ್ಲರೆಯನ್ನೆಲ್ಲ ಬಾಚಿಕೊಂಡ. 2008ರಲ್ಲಿ ಅವನ ಮೇಲೆ ಮೊಕದ್ದಮೆ ಹೂಡಲಾಯಿತು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಅವನಿಗೆ ಹೇಗೋ ಗೊತ್ತಿದ್ದಿರಬೇಕು.

ಕಾರ್ಡಿನ ಒಡೆಯರನ್ನು ಗುರುತಿಸುವ ಯತ್ನಗಳೂ ಜೊತೆಯಲ್ಲೇ ನಡೆದಿದ್ದವು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸೇರಿ 1990ರ ದಶಕದಲ್ಲಿ ರೂಪಿಸಿದ ಸೆಟ್ ಎಂಬ ವ್ಯವಸ್ಥೆ ಕಾಗದದ ಮೇಲೆ ಸುಭದ್ರವಾಗಿತ್ತು. ಆದರೆ ಪ್ರತಿ ಗ್ರಾಹಕರೂ ತಮ್ಮ ಗಣಕದಲ್ಲಿ ವಿಶೇಷ ತಂತ್ರಾಂಶ ಹಾಕಿಕೊಂಡು ವಿದ್ಯುನ್ಮಾನ ಪ್ರಮಾಣಪತ್ರ ಪಡೆಯಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಅದು ಮೂಲೆಗೆ ಸೇರಿತು. 2001ರಲ್ಲಿ ವೀಸಾ ತಂದ ತ್ರೀ-ಡಿ ಸೆಕ್ಯೂರ್ ಹಗುರವಾದದ್ದು. ಹಣ ಕೊಡುವ ಹೊತ್ತಿಗೆ ಗ್ರಾಹಕರನ್ನು ಅಂಗಡಿಯ ಪುಟದಿಂದ ಅವರವರ ಬ್ಯಾಂಕಿನ ಪುಟಕ್ಕೆ ಕರೆದೊಯ್ದು ಅಲ್ಲಿ ಗುಪ್ತಪದ ಕೇಳುವುದು. ಅಂಗಡಿಯವರಿಗೆ ಆ ಪದ ಕಾಣುವುದಿಲ್ಲ.

ಇಲ್ಲಿ ನಮ್ಮ ದೇಶ ಮುಂದಿನ ಸಾಲಿಗೆ ಬಂತು. 2009ರ ಫೆಬ್ರುವರಿ 18ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತನ್ನು ಕೇಳದೆ ಅಂತರಜಾಲದಲ್ಲಿ ಕಾರ್ಡಿನ ಪಾವತಿ ಒಪ್ಪಕೂಡದೆಂದು ಆಜ್ಞಾಪಿಸಿತು. ಆಗಸ್ಟ್ 1ರಿಂದ ಅದು ಜಾರಿ. ವ್ಯಾಪಾರ ಕುಸಿಯುತ್ತದೆಂದು ಅಂಗಡಿಗಳು ಗೊಣಗಿದವು. ಸಂದೇಶ ತಡವಾಗಿ ಬಂದು ರೈಲಿನ ಟಿಕೇಟು ಕೈತಪ್ಪಿದಾಗ ನೀವೂ ಗೊಣಗಿರಬಹುದು. ಯುರೋಪಿನಲ್ಲಿ ಇಂಥದೇ ನಿಯಮ ಜಾರಿಗೆ ಬಂದದ್ದು 2019ರ ಸೆಪ್ಟೆಂಬರಿನಿಂದ.

2016ರ ಏಪ್ರಿಲ್ 11ರಂದು ಮುಂಬಯಿಯಲ್ಲಿ ಯುಪಿಐ ಉದ್ಘಾಟನೆಯಾಯಿತು. ಇದರಲ್ಲಿ ಖಾತೆಯನ್ನು ಜೋಡಿಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲಿಗೆ ನಿಮ್ಮ ಮೊಬೈಲಿನಿಂದ ಒಂದು ಎಸ್‌ಎಂಎಸ್ ತಾನಾಗಿಯೇ ಹೊರಡುತ್ತದೆ. ಓಟಿಪಿ ನಿಮಗೆ ಬರುವುದಲ್ಲ, ನಿಮ್ಮಿಂದ ಹೋಗುವುದು. ಏಕೆಂದರೆ ಬಂದ ಓಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳಬಹುದು. ಆದರೆ ಹೊರಟ ಸಂದೇಶದಿಂದ ಈ ಸಿಮ್ ಈ ಉಪಕರಣದಲ್ಲೇ ಇದೆ ಎಂದು ತಿಳಿಯುತ್ತದೆ. ಆ ಸಂಖ್ಯೆಗೆ ಜೋಡಿಸಿರುವ ಖಾತೆ ಯಾವುದೆಂದು ಬ್ಯಾಂಕೇ ಹೇಳುತ್ತದೆ. ನಂತರ ಡೆಬಿಟ್ ಕಾರ್ಡಿನ ಕೊನೆಯ ಆರಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಓಟಿಪಿಯಿಂದ ಯುಪಿಐ ಪಿನ್ ಸಿದ್ಧವಾಗುತ್ತದೆ. ಆ ಪಿನ್ನನ್ನು ನೀವು ಒತ್ತುವ ಪರದೆ ಆ್ಯಪ್ ತಯಾರಿಸಿದವರದಲ್ಲ, ಎನ್‌ಪಿಸಿಐ ಒದಗಿಸಿದ್ದು. ಅಲ್ಲಿಯೇ ಗೂಢಲಿಪಿಯಾಗಿ ಬ್ಯಾಂಕಿಗೆ ಹೋಗುತ್ತದೆ.

ತಾಂತ್ರಿಕವಾಗಿ ಇದು ಸೊಗಸಾದ ಕಟ್ಟಡ. ಹಾಗಿದ್ದೂ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ಬೀರುವನ್ನು ಮಾರಲು ಹೋಗಿ ಹದಿನೆಂಟು ಸಾವಿರ ರೂಪಾಯಿ ಕಳೆದುಕೊಂಡರು. ಕೊಳ್ಳುವವನೆಂದು ಫೋನಿನಲ್ಲಿ ಹೇಳಿಕೊಂಡವನು ಹಣ ಕಳಿಸುವ ಬದಲು ಹಣ ಕೇಳುವ ಕೋರಿಕೆ ಕಳಿಸಿ, 'ಸಾರ್, ಪಿನ್ ಒತ್ತಿ, ದುಡ್ಡು ಬರುತ್ತೆ' ಎಂದ. ಪಿನ್ ಬೇಕಾಗುವುದು ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ ಎಂಬುದು ಗಣಿತ ಕಲಿಸಿದ ಅವರಿಗೂ ಆ ಕ್ಷಣ ಹೊಳೆಯಲಿಲ್ಲ. 'ನಾನೇ ಒತ್ತಿದೆನಲ್ಲ' ಎಂದು ಅವರು ಇಂದಿಗೂ ಕೊರಗುತ್ತಾರೆ. ನನಗನ್ನಿಸುವಂತೆ ತಪ್ಪು ಅವರೊಬ್ಬರದೇ ಅಲ್ಲ. ಕೊಡುವುದಕ್ಕೂ ಕೇಳುವುದಕ್ಕೂ ಒಂದೇ ಬಗೆಯ ಪರದೆ ತೋರಿಸಿದವರ ಪಾಲೂ ಅದರಲ್ಲಿದೆ. ವ್ಯಕ್ತಿಗಳ ನಡುವಿನ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಎನ್‌ಪಿಸಿಐ ಸೂಚಿಸಿತು. ಮೇಷ್ಟ್ರ ಮಟ್ಟಿಗೆ ತಡವಾಯಿತು.

ಈ ಕಟ್ಟಡದ ಅಡಿಗಲ್ಲು ಮೊಬೈಲ್ ಸಂಖ್ಯೆ ಎಂಬುದನ್ನು ಮರೆಯಬಾರದು. ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿಗಳು ಕನಿಷ್ಠ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಊರು ಬಿಟ್ಟು ಹೊಸ ಸಿಮ್ ಕೊಂಡವರು ಬ್ಯಾಂಕಿಗೆ ಮೊದಲು ತಿಳಿಸಬೇಕಾದ್ದು ಇದಕ್ಕಾಗಿಯೇ. ಇದ್ದಕ್ಕಿದ್ದಂತೆ ಫೋನಿನ ಸಿಗ್ನಲ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ, ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ನಕಲಿ ಸಿಮ್ ಪಡೆದಿರಬಹುದೆಂದು ಶಂಕಿಸಿ ಕೂಡಲೇ ವಿಚಾರಿಸಿ.

ಇನ್ನು ಅಂಗಡಿಗಳಲ್ಲಿ ಉಳಿದುಹೋಗುವ ಕಾರ್ಡ್ ಸಂಖ್ಯೆಗಳ ವಿಷಯ. ಇದಕ್ಕೆ ಬಂದ ಪರಿಹಾರ ಟೋಕನ್. ಕಾರ್ಡಿನ ನಿಜ ಸಂಖ್ಯೆಯ ಬದಲು, ಈ ಕಾರ್ಡಿಗೆ ಈ ಅಂಗಡಿಯಲ್ಲಿ ಮಾತ್ರ ಸಲ್ಲುವ ಬೇರೊಂದು ಸಂಖ್ಯೆ. ಅದನ್ನು ಕದ್ದರೂ ಇನ್ನೊಂದು ಅಂಗಡಿಯಲ್ಲಿ ನಡೆಯದು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆ ಪಕ್ಕದ ಊರಿನ ಜಾತ್ರೆಯಲ್ಲಿ ನಡೆಯದ ಹಾಗೆ. ನಮ್ಮಲ್ಲಿ 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಗುರುತಿಗಾಗಿ ಕೊನೆಯ ನಾಲ್ಕಂಕಿ ಇಟ್ಟುಕೊಳ್ಳಬಹುದು, ಅಷ್ಟೆ. ಅದಕ್ಕೂ ಮೊದಲೇ, 2020ರ ಅಕ್ಟೋಬರಿನಿಂದ, ಹೊಸ ಕಾರ್ಡುಗಳಲ್ಲಿ ಅಂತರಜಾಲದ ಬಳಕೆ ಮುಚ್ಚಿಯೇ ಬರುತ್ತದೆ. ಬೇಕಾದಾಗ ನೀವೇ ತೆರೆದು, ಮಿತಿ ಹಾಕಿ, ಮತ್ತೆ ಮುಚ್ಚಬಹುದು. ಈ ಸೌಲಭ್ಯವನ್ನು ಬಳಸುವವರು ನನ್ನ ಪರಿಚಯದಲ್ಲಂತೂ ಬೆರಳೆಣಿಕೆಯಷ್ಟು.

ಮೋಸ ನಡೆದೇಹೋದರೆ ಸಮಯವೇ ಎಲ್ಲ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋದ ಪ್ರಸಂಗಗಳಲ್ಲಿ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ಹೊಣೆಯಿಲ್ಲ ಎಂದಿತು. ಪಿನ್ನನ್ನು ತಾವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ತಮ್ಮದೇ. ಬ್ಯಾಂಕಿಗೆ ತಿಳಿಸುವುದರ ಜೊತೆಗೆ 1930ಕ್ಕೆ ಕರೆ ಮಾಡಿದರೆ, ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಯಲು ಅವಕಾಶವಿರುತ್ತದೆ.

ಮೊದಲಿನ ಆ ಒಂದು ರೂಪಾಯಿಗೆ ಮರಳೋಣ. ನಮ್ಮಲ್ಲಿ ಅದರ ಕೆಲಸ ಪೇಪಾಲ್‌ನ ಚಿಲ್ಲರೆಗಿಂತ ತುಸು ಬೇರೆ. 2010ರ ನವೆಂಬರಿನಲ್ಲಿ ಆರಂಭವಾದ ಐಎಂಪಿಎಸ್ ಮೂಲಕ ಹಣ ಹಾಕಿದಾಗ ಖಾತೆದಾರರ ಹೆಸರು ಉತ್ತರವಾಗಿ ಮರಳಿ ಬರುತ್ತದೆ. ನೀವು ಕೊಟ್ಟ ಹೆಸರಿನೊಂದಿಗೆ ಅದನ್ನು ಹೋಲಿಸಿ ನೋಡಲೆಂದೇ ಸಂಸ್ಥೆಗಳು ಒಂದು ರೂಪಾಯಿ ಖರ್ಚು ಮಾಡುವುದು. ಸಾಮಾನ್ಯ ಜನರಿಗೆ ಈ ಅನುಕೂಲ ಬಹುಕಾಲ ಇರಲಿಲ್ಲ. ನೆಫ್ಟ್ ಮೂಲಕ ಕಳಿಸಿದ ಹಣ ಖಾತೆ ಸಂಖ್ಯೆಯನ್ನಷ್ಟೇ ನೋಡಿ ಜಮೆಯಾಗುತ್ತಿತ್ತು. ಹೆಸರು ಏನೆಂದು ಬರೆದರೂ ಯಾರೂ ಹೋಲಿಸುತ್ತಿರಲಿಲ್ಲ. ಹಣ ಕಳಿಸುವ ಮೊದಲೇ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು ನೆಫ್ಟ್ ಮತ್ತು ಆರ್‌ಟಿಜಿಎಸ್‌ಗಳಲ್ಲಿ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹಿಂದಿನ ಡಿಸೆಂಬರಿನಲ್ಲಿ ಎಲ್ಲ ಬ್ಯಾಂಕುಗಳಿಗೆ ತಿಳಿಸಿತು. ಮುಂದಿನ ಸಲ ಮಗಳ ಶಾಲೆಯ ಶುಲ್ಕವನ್ನೋ ಮನೆಯ ಬಾಡಿಗೆಯನ್ನೋ ಕಳಿಸುವಾಗ, ಖಾತೆ ಸಂಖ್ಯೆ ತುಂಬಿದ ಮೇಲೆ ಪರದೆಯಲ್ಲಿ ಮೂಡುವ ಆ ಹೆಸರನ್ನು ಓದಿ.