ಹಾಡಿನ ಲೆಕ್ಕ ಕಲಿಸುವ ಶಾಲೆ

ನಮ್ಮ ಕಡೆ ಡೊಳ್ಳಿನ ಪದ ಕಟ್ಟುವವರಿಗೆ ಒಂದು ರೂಢಿ ಐತಿ. ಪದದ ಕೊನೆಯ ನುಡಿಯೊಳಗ ಊರಿನ ಹೆಸರು, ಊರ ದೇವರ ಹೆಸರು, ಪದ ಕಟ್ಟಿದ ಗುರುವಿನ ಹೆಸರು ಬರಬೇಕು. ಆ ನುಡಿ ಇಲ್ಲದ ಪದ ಅಂದ್ರ ಕಿವಿಗೆ ಖೂನ ಇಲ್ಲದ ಕುರಿ ಇದ್ದಂಗ. ಯಾರ ಹಿಂಡಿನ್ಯಾಗ ಬೇಕಾದ್ರೂ ಸೇರಿಬಿಡತೈತಿ.

ಮೂವತ್ತು ವರ್ಷದ ಹಿಂದೆ ಒಂದು ಕ್ಯಾಸೆಟ್ ಕಂಪನಿಯವರು ನಮ್ಮ ಮ್ಯಾಳವನ್ನು ಕರೆಸಿ, ಒಂದೇ ದಿನದಾಗ ಎಂಟು ಪದ ಹಾಡಿಸಿಕೊಂಡರು. ಊಟ ಹಾಕಿದರು, ಬಸ್ಸಿನ ಖರ್ಚು ಕೊಟ್ಟರು, ಒಂದು ಕಾಗದದ ಮ್ಯಾಲೆ ಸಹಿ ಮಾಡಿಸಿಕೊಂಡರು. ಅದರಾಗ ಏನು ಬರೆದಿತ್ತೋ ನಾವು ಓದಲಿಲ್ಲ. ಮುಂದೆ ಜಾತ್ರೆಯೊಳಗ ಆ ಕ್ಯಾಸೆಟ್ ಮಾರಾಟಕ್ಕೆ ಬಂತು. ಹಾಕಿ ಕೇಳಿದರೆ ಎಂಟೂ ಪದಗಳ ಕೊನೆಯ ನುಡಿ ಕಡಿದು ಹಾಕಿದ್ದರು. ನಮ್ಮ ಗುರುಗಳು ಸುಮ್ಮನೆ ಕೂತು ಪೂರ್ತಿ ಕೇಳಿ, "ನನ್ನ ಹೆಸರು ಹೋದ್ರ ಹೋಗ್ಲಿ, ಊರ ಹೆಸರು ಯಾಕ ಕಡದ್ರಪಾ?" ಅಂದರು. ಅವರಿಗೆ ಕೊಡಲು ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹಾಡಿನ ಹಕ್ಕು, ಕರಾರು, ಲೆಕ್ಕ ಇವನ್ನೇ ಪಾಠ ಮಾಡಿ ಕಲಿಸುವ ಒಂದು ಶಾಲೆ ಅಮೇರಿಕಾದಾಗ ಐತಿ ಅಂತ ನಮ್ಮ ವಾಚನಾಲಯದ ಮಾಸ್ತರು ಒಮ್ಮೆ ಹೇಳಿದರು. ಅವರಿಂದ ಓದಿಸಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಅಮೇರಿಕಾದ ಟೆನೆಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್. ಅಲ್ಲಿ ಬೆಲ್ಮಾಂಟ್ ಎಂಬ ವಿಶ್ವವಿದ್ಯಾಲಯ ಇದೆ. ಅದು ಸರ್ಕಾರದ್ದಲ್ಲ, ಕ್ರೈಸ್ತರ ಖಾಸಗಿ ಸಂಸ್ಥೆ. ಅದರ ನಡುವೆ ಒಂದು ಹಳೆಯ ಮಹಲು ನಿಂತಿದೆ. ಅದು ಅಡೆಲಿಷಿಯಾ ಆಕ್ಲೆನ್ ಎಂಬ ಶ್ರೀಮಂತ ಹೆಣ್ಣುಮಗಳ ಮನೆ. ಆಕೆಯ ಮೊದಲ ಗಂಡ ಐಸಾಕ್ ಫ್ರಾಂಕ್ಲಿನ್ ಮನುಷ್ಯರನ್ನು ಕೊಂಡು ಮಾರುವ ಗುಲಾಮರ ವ್ಯಾಪಾರಿ. 1846ರಲ್ಲಿ ಅವನು ಸತ್ತ ಮೇಲೆ ಲೂಸಿಯಾನಾದ ಹತ್ತಿ ತೋಟಗಳೂ ನೂರಾರು ಗುಲಾಮರೂ ಆಕೆಯ ಕೈಗೆ ಬಂದರು. ಆ ಹತ್ತಿಯ ದುಡ್ಡಿನ ಮೇಲೆ ಈ ಮಹಲು ಎದ್ದಿತು. 1864ರಲ್ಲಿ, ಗುಲಾಮಗಿರಿಯ ಸಲುವಾಗಿ ಉತ್ತರದವರು ದಕ್ಷಿಣದವರು ಬಡಿದಾಡುತ್ತಿದ್ದ ಕಾಲದಲ್ಲಿಯೇ, ಆಕೆ ಎರಡೂ ಕಡೆಯವರನ್ನು ಒಲಿಸಿಕೊಂಡು ಹತ್ತಿಯನ್ನು ಇಂಗ್ಲೆಂಡಿಗೆ ಸಾಗಿಸಿ 9,60,000 ಡಾಲರ್ ಬೆಲೆಯ ಬಂಗಾರ ಎಣಿಸಿಕೊಂಡಳು. ಹತ್ತಿ ಬಿಡಿಸಿದವರಿಗೆ ಅದರೊಳಗ ಒಂದು ಬಿಲ್ಲೆಯೂ ಇರಲಿಲ್ಲ.

ಅದೇ ಊರಾಗ ಇನ್ನೊಂದು ಕ್ರೈಸ್ತ ಶಾಲೆ ಇದೆ, ಹೆಸರು ಫಿಸ್ಕ್. ಗುಲಾಮಗಿರಿ ಹೋದ ಮರುವರ್ಷ, 1866ರಲ್ಲಿ, ಬಿಡುಗಡೆಯಾದ ಕರಿಯರ ಮಕ್ಕಳಿಗಾಗಿ ತೆಗೆದದ್ದು. ಐದು ವರ್ಷದಾಗ ಸಾಲಕ್ಕೆ ಬಿದ್ದು ಮುಚ್ಚುವ ಗತಿ ಬಂತು. ಆಗ 1871ರಲ್ಲಿ ಒಂಬತ್ತು ಮಂದಿ ಹುಡುಗ ಹುಡುಗಿಯರು ತಮ್ಮ ಹಿರಿಯರು ಹತ್ತಿ ಹೊಲದಾಗ ಹಾಡಿಕೊಳ್ಳುತ್ತಿದ್ದ ಭಕ್ತಿಪದ ಕಟ್ಟಿಕೊಂಡು ಊರೂರು ತಿರುಗಿ ಹಾಡಿದರು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಎದುರೂ ಹಾಡಿ ಬಂದರು. ಆ ದುಡ್ಡಿನಿಂದ ಸಾಲ ತೀರಿತು, ಜಾಗ ಕೊಂಡರು, ಜುಬಿಲಿ ಹಾಲ್ ಎಂಬ ದೊಡ್ಡ ಕಟ್ಟಡ ಎದ್ದಿತು. ಆ ಪದಗಳನ್ನು ಕಟ್ಟಿದ ಗುಲಾಮರಲ್ಲಿ ಹೆಚ್ಚಿನವರ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ.

ಬೆಲ್ಮಾಂಟ್ ಮಹಲಿನಾಗ 1890ರಲ್ಲಿ ಇಬ್ಬರು ಶಿಕ್ಷಕಿಯರು ಹೆಣ್ಣುಮಕ್ಕಳ ಶಾಲೆ ತೆಗೆದರು. 1913ರಲ್ಲಿ ಅದು ಇನ್ನೊಂದು ಶಾಲೆಯ ಜೊತೆ ಕೂಡಿ ವಾರ್ಡ್-ಬೆಲ್ಮಾಂಟ್ ಆಯಿತು. 1951ರಲ್ಲಿ ಟೆನೆಸಿಯ ಬ್ಯಾಪ್ಟಿಸ್ಟ್ ಪಂಗಡದವರು ಅದನ್ನು ವಹಿಸಿಕೊಂಡು ಗಂಡುಮಕ್ಕಳನ್ನೂ ಸೇರಿಸಿಕೊಂಡರು. 1991ರಲ್ಲಿ ವಿಶ್ವವಿದ್ಯಾಲಯ ಆಯಿತು. ಆಡಳಿತ ಮಂಡಳಿಯಲ್ಲಿ ಬೇರೆ ಪಂಗಡದ ಕ್ರೈಸ್ತರಿಗೂ ಜಾಗ ಬೇಕೆಂಬ ಮಾತಿಗೆ ಜಗಳ ಹತ್ತಿ ಕೋರ್ಟಿಗೆ ಹೋಯಿತು. 2007ರಲ್ಲಿ ರಾಜಿಯಾಗಿ, ಒಟ್ಟು 1 ಕೋಟಿ 10 ಲಕ್ಷ ಡಾಲರ್ ಕಂತಿನ ಮೇಲೆ ಕೊಡುವುದಾಗಿ ಒಪ್ಪಿಕೊಂಡು ಬೆಲ್ಮಾಂಟ್ ಬ್ಯಾರೆಯಾಯಿತು. ಕ್ರೈಸ್ತ ಧರ್ಮವನ್ನು ಬಿಡಲಿಲ್ಲ.

ಹಾಡಿನ ವ್ಯಾಪಾರ ಇದಕ್ಕೆ ಗಂಟು ಬಿದ್ದದ್ದು ಊರಿನ ಕಾರಣಕ್ಕೆ. 1925ರಲ್ಲಿ ಅಲ್ಲಿಯ ಒಂದು ವಿಮಾ ಕಂಪನಿಯ ರೇಡಿಯೋದಾಗ ಶನಿವಾರ ರಾತ್ರಿ ಹಳ್ಳಿ ಹಾಡಿನ ಕಾರ್ಯಕ್ರಮ ಸುರುವಾಯಿತು. ಅದೇ ಮುಂದೆ ಗ್ರ್ಯಾಂಡ್ ಓಲ್ ಓಪ್ರಿ ಅಂತ ಹೆಸರಾಯಿತು. ಹಾಡುವವರು, ಹಿಂದೆ ಬಾರಿಸುವವರು, ಬರೆಯುವವರು ಎಲ್ಲಾ ನ್ಯಾಶ್‌ವಿಲ್ಲಿಗೆ ಬಂದು ಸೇರಿದರು. 1950ರ ದಶಕದಾಗ ಬೆಲ್ಮಾಂಟಿನ ಹತ್ತಿರದ ಓಣಿಗಳಲ್ಲಿ ರೆಕಾರ್ಡಿಂಗ್ ಸ್ಟುಡಿಯೋಗಳು ಎದ್ದವು. ಆ ಓಣಿಗೆ ಮ್ಯೂಸಿಕ್ ರೋ ಅಂತಾರ.

ಇದಕ್ಕೂ ಮೊದಲಿನ ಒಂದು ಸಂಗತಿ ನಮ್ಮಂಥ ಗಡಿನಾಡಿನವರು ಕೇಳಬೇಕು. ಟೆನೆಸಿಯ ಪೂರ್ವದ ತುದಿಗೆ ಬ್ರಿಸ್ಟಲ್ ಎಂಬ ಊರು. ಊರ ದೊಡ್ಡ ರಸ್ತೆಯ ನಡುವೆಯೇ ಎರಡು ರಾಜ್ಯದ ಗಡಿ ಹಾಯ್ದದೆ, ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. 1927ರಲ್ಲಿ ರಾಲ್ಫ್ ಪಿಯರ್ ಎಂಬವನು ಯಂತ್ರ ತಂದು ಅಲ್ಲಿ ಗುಡ್ಡಗಾಡಿನವರ ಹಾಡು ಮುದ್ರಿಸಿಕೊಂಡ. ಆಗ ಹೆಸರಾದದ್ದು ಕಾರ್ಟರ್ ಮನೆತನ. ಮುಂದೆ ಹೊಸ ಹಾಡು ಬೇಕಾದಾಗ ಎ. ಪಿ. ಕಾರ್ಟರ್ ಹಳ್ಳಿ ಹಳ್ಳಿ ತಿರುಗಿದ. ಅವನ ಜೊತೆ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್‌ಗಾರ ಇರುತ್ತಿದ್ದ. ಅವನಿಗೆ ಒಂದು ಕಾಲು ಇರಲಿಲ್ಲ. ಕಾರ್ಟರ್ ಮಾತು ಬರೆದುಕೊಂಡರೆ ರಿಡಲ್ ಧಾಟಿ ನೆನಪಿಟ್ಟುಕೊಂಡು ಬಂದು ಕಲಿಸುತ್ತಿದ್ದ. ಹಾಗೆ ತಂದ ಹಾಡುಗಳ ಹಕ್ಕು ಕಾರ್ಟರನ ಹೆಸರಿಗೆ ದಾಖಲಾಯಿತು. ಹಾಡಿ ಕೊಟ್ಟ ಹಳ್ಳಿಯವರ ಹೆಸರೂ ಇಲ್ಲ, ರಿಡಲ್‌ನ ಹೆಸರೂ ಇಲ್ಲ.

1970ರ ದಶಕದ ಆರಂಭಕ್ಕೆ ಬೆಲ್ಮಾಂಟಿನವರು ಹಾಡಿನ ವ್ಯಾಪಾರವನ್ನೇ ಒಂದು ವಿದ್ಯೆಯೆಂದು ಕಲಿಸಲು ಸುರು ಮಾಡಿದರು. ಈಗ ಅದಕ್ಕೆ ಮೈಕ್ ಕರ್ಬ್ ಎಂಬ ರೆಕಾರ್ಡ್ ಕಂಪನಿ ಒಡೆಯನ ಹೆಸರಿನ ಬ್ಯಾರೆ ಕಾಲೇಜೇ ಇದೆ. ಹಾಡು ಬರೆಯುವುದಕ್ಕೂ ಪದವಿ ಕೊಡುತ್ತಾರೆ. ಮ್ಯೂಸಿಕ್ ರೋದಾಗ ಹಳೆಯ ಚರ್ಚಿನ ಕಟ್ಟಡದಲ್ಲಿರುವ ಓಷನ್ ವೇ ಸ್ಟುಡಿಯೋ ಈ ಶಾಲೆಯದ್ದೇ.

ಅಲ್ಲಿಯ ಮೊದಲ ಪಾಠ ಹೀಗಿದೆ: ಒಂದು ಹಾಡಿನೊಳಗೆ ಎರಡು ಆಸ್ತಿ. ಮಾತು ಮತ್ತು ಧಾಟಿ ಒಂದು, ಅದು ಕಟ್ಟಿದವನದ್ದು. ಮುದ್ರಿಸಿದ ಧ್ವನಿ ಇನ್ನೊಂದು, ಅದು ಸಾಮಾನ್ಯವಾಗಿ ಕಂಪನಿಯದ್ದು. ಅಮೇರಿಕಾದಾಗ ರೇಡಿಯೋದವರು ಹಾಡು ಹಾಕಿದರೆ ಕಟ್ಟಿದವನಿಗೂ ಪ್ರಕಾಶಕನಿಗೂ ದುಡ್ಡು ಬರುತ್ತದೆ, ಬರೀ ಹಾಡಿದವನಿಗೆ ಬರುವುದಿಲ್ಲ. ಅದನ್ನು ವಸೂಲಿ ಮಾಡಿ ಹಂಚುವ ಸಂಘಗಳಿವೆ, 1914ರಲ್ಲಿ ಹುಟ್ಟಿದ ಆಸ್ಕ್ಯಾಪ್, 1939ರಲ್ಲಿ ಹುಟ್ಟಿದ ಬಿಎಂಐ. ಬ್ರ್ಯಾಡ್ ಪೈಸ್ಲಿ ಎಂಬ ಹೆಸರಾದ ಹಾಡುಗಾರ ಬೆಲ್ಮಾಂಟಿನಲ್ಲಿ ಕಲಿಯುವಾಗ ಆಸ್ಕ್ಯಾಪಿನ ಕಚೇರಿಯಲ್ಲಿ ಕೆಲಸ ಕಲಿತವನು. ಟ್ರಿಶಾ ಇಯರ್‌ವುಡ್ ಅಲ್ಲಿಯ ಪದವಿ ಪಡೆದು, ಒಂದು ರೆಕಾರ್ಡ್ ಕಂಪನಿಯ ಬಾಗಿಲಲ್ಲಿ ಬಂದವರನ್ನು ವಿಚಾರಿಸುವ ಕೆಲಸ ಮಾಡಿ, ಆಮೇಲೆ ತಾನೇ ದೊಡ್ಡ ಹಾಡುಗಾರ್ತಿ ಆದಳು.

ನಮ್ಮ ದೇಶದಾಗೂ 1957ರ ಕಾಯ್ದೆ ಇದೆ. ಹಾಡು ಬರೆದಿಟ್ಟ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಕಟ್ಟಿದವನ ಜೀವಮಾನ ಮುಗಿದು ಮುಂದೆ 60 ವರ್ಷ ನಡೆಯುತ್ತದೆ. ನಮ್ಮ ಅವ್ವಂದಿರ ಬೀಸುವ ಪದಕ್ಕೆ ಒಬ್ಬ ಒಡೆಯ ಇಲ್ಲ, ಅದು ಎಲ್ಲರದ್ದು, ಹಾಗೇ ಇರಲಿ. ಆದರೆ ನಮ್ಮ ಗುರುಗಳು ಕಂದೀಲಿನ ಬೆಳಕಿನಾಗ ಕೂತು ಕಟ್ಟಿದ ಪದ ಹಾಗಲ್ಲ. ನಮ್ಮ ಜನ ಇವೆರಡನ್ನೂ ಒಂದೇ ಅಂತ ತಿಳಿದದ್ದಕ್ಕೇ ಕಂಪನಿಯವರಿಗೆ ಸಸಾರ ಆಯಿತು.

ಶಾಲೆಯ ಗುರುಗಳಲ್ಲಿ ನನ್ನ ಒಂದು ಬೇಡಿಕೆ. ನಿಮ್ಮ ಊರಾಗ ಪದ ಕಟ್ಟುವವರಿದ್ದರೆ ಮಕ್ಕಳ ಕೈಯಿಂದ ಬರೆಸಿ, ಕೆಳಗೆ ಹೆಸರು, ಊರು, ತಾರೀಖು ಹಾಕಿಸಿ. ಕಾಗದಕ್ಕೆ ಸಹಿ ಮಾಡುವ ಮೊದಲು ಅವರಿಗೆ ಓದಿ ಹೇಳಿ. ನಮ್ಮ ಗುರುಗಳು ಈಗಿಲ್ಲ. ಆ ಎಂಟು ಪದಗಳನ್ನು ಕೊನೆಯ ನುಡಿ ಸಮೇತ ನಾನೇ ಬರೆದು ನಮ್ಮ ವಾಚನಾಲಯದ ಕಪಾಟಿನಾಗ ಇಟ್ಟಿದ್ದೇನೆ. ನನ್ನ ಅಕ್ಷರ ಸೊಟ್ಟ ಅದಾವ. ಊರ ಹೆಸರು ಮಾತ್ರ ದಪ್ಪಗೆ ಬರೆದಿದ್ದೇನೆ.