ಎನ್‌ಸೈನ್ ಅಂದ್ರೆ ಗುರುತು

ಹಡಗಿನ ಹಿಂಬದಿಯಲ್ಲಿ ಹಾರುವ ಬಾವುಟಕ್ಕೆ ಇಂಗ್ಲಿಷಿನಲ್ಲಿ ‘ಎನ್‌ಸೈನ್’ ಅಂತಾರೆ. ಲ್ಯಾಟಿನ್ನಿನಲ್ಲಿ ‘ಸಿಗ್ನಮ್’ ಅಂದ್ರೆ ಗುರುತು. ಅದರಿಂದ ‘ಇನ್‌ಸಿಗ್ನಿಯಾ’, ಅದೇ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದಾಗ ಎನ್‌ಸೈನ್. ನಾವು ದಿನಾ ಹೇಳೋ ಸಿಗ್ನಲ್, ಡಿಸೈನ್ ಎಲ್ಲ ಇದೇ ಬಳ್ಳಿಯ ಕಾಯಿಗಳು. ಹಿಂದೆ ಕಾಲಾಳು ಪಡೆಯಲ್ಲಿ ಬಾವುಟ ಹೊರುತ್ತಿದ್ದ ಕಿರಿಯ ಅಧಿಕಾರಿಗೂ ಇದೇ ಹೆಸರಿತ್ತು.

ನಡುಸಮುದ್ರದಲ್ಲಿ ಗಡಿಕಲ್ಲು ಇರಲ್ಲ. ದೂರದ ಹಡಗು ನಮ್ಮವರದೋ ಶತ್ರುವಿನದೋ ಅಂತ ತಿಳಿಯೋಕೆ ಆ ಬಟ್ಟೆಯೇ ಆಧಾರ. ಬ್ರಿಟಿಷ್ ನೌಕಾಪಡೆ ಕೆಂಪು, ಬಿಳಿ, ನೀಲಿ ಮೂರನ್ನೂ ಬಳಸ್ತಿತ್ತು. 1864ರಲ್ಲಿ ಬಿಳಿಯನ್ನಷ್ಟೇ ಇಟ್ಟುಕೊಂಡು ಕೆಂಪನ್ನು ವ್ಯಾಪಾರಿ ಹಡಗುಗಳಿಗೆ ಬಿಟ್ಟುಕೊಟ್ಟಿತು.

ಆ ಬಿಳಿ ಬಾವುಟದ ಮೇಲಿನ ಕೆಂಪು ಶಿಲುಬೆ ಸೇಂಟ್ ಜಾರ್ಜ್‌ನದು, ಇಂಗ್ಲೆಂಡಿನ ಗುರುತು. 1950ರಲ್ಲಿ ನಮ್ಮ ನೌಕಾಪಡೆಯ ಬಾವುಟದ ಮೂಲೆಯಿಂದ ಯೂನಿಯನ್ ಜ್ಯಾಕ್ ಹೋಗಿ ತ್ರಿವರ್ಣ ಬಂತು. ಶಿಲುಬೆ ಮಾತ್ರ ಹಾಗೇ ಉಳೀತು. 2001ರಲ್ಲಿ ಅದನ್ನು ತೆಗೆದು ನೌಕಾಪಡೆಯ ನೀಲಿ ಲಾಂಛನ ಹಾಕಿದರು. ಆ ನೀಲಿ ಬಾನು-ಕಡಲಿನ ಬಣ್ಣದಲ್ಲಿ ಬೆರೆತು ಕಾಣ್ತಿಲ್ಲ ಅಂತ 2004ರಲ್ಲಿ ಮತ್ತೆ ಶಿಲುಬೆ ತಂದರು! ಕೊನೆಗೆ 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ ವಿಕ್ರಾಂತ್ ಸೇವೆಗೆ ಸೇರಿದ ದಿನ, ಶಿವಾಜಿಯ ಮುದ್ರೆಯಿಂದ ಪ್ರೇರಿತವಾದ ಎಂಟು ಮೂಲೆಯ ಚಿನ್ನದಂಚಿನ ಲಾಂಛನ ಬಂತು.

ಗುರುತು ಅಂದ್ಮೇಲೆ ಅದಕ್ಕೆ ಎರಡು ಕೆಲಸ: ಯಾರದು ಅಂತ ಹೇಳಬೇಕು, ದೂರಕ್ಕೂ ಕಾಣಬೇಕು. 2001ರಲ್ಲಿ ಮೊದಲನೇದು ಸಿಕ್ಕಿ ಎರಡನೇದು ತಪ್ಪಿತು, 2004ರಲ್ಲಿ ಉಲ್ಟಾ. ಎರಡನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸೋಕೆ ಗಣರಾಜ್ಯಕ್ಕೆ 72 ವರ್ಷ ಬೇಕಾಯ್ತು ನೋಡಿ.