ಬಿ. ಬಿ. ಸಿ.ಯ ವೀಡಿಯೊ ಪ್ರಕಾಶನ

ಮುದ್ರಣಯಂತ್ರವು ಗ್ರಂಥಗಳನ್ನು ಮನೆಮನೆಗೆ ತಲುಪಿಸಿದ ಬಗೆಯನ್ನು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಗಾಳಿಯಲ್ಲಿ ಬಂದು ಗಾಳಿಯಲ್ಲಿಯೇ ಮರೆಯಾಗುತ್ತಿದ್ದ ದೂರದರ್ಶನದ ಚಿತ್ರವು ಪುಸ್ತಕದಂತೆ ಕಪಾಟನ್ನು ಸೇರಿದ ಕಥೆಯು ನಮಗೆ ಅಷ್ಟು ಪರಿಚಿತವಲ್ಲ. ಆಂಗ್ಲ ದೇಶದ ಬಿ. ಬಿ. ಸಿ. ಸಂಸ್ಥೆಯ ನಿದರ್ಶನದಿಂದ ಅದನ್ನು ಇಲ್ಲಿ ಕೊಂಚ ವಿಚಾರಿಸೋಣ.

1936ರಲ್ಲಿ ದೂರದರ್ಶನ ಪ್ರಸಾರವನ್ನು ಆರಂಭಿಸಿದ ಆ ಸಂಸ್ಥೆಗೆ ಕಾಂತಪಟ್ಟಿಯ ಮೇಲೆ ಚಿತ್ರವನ್ನು ಹಿಡಿದಿಡುವ ಸೌಕರ್ಯವು ದೊರೆತದ್ದು 1958ರಲ್ಲಿ. ಎರಡು ಅಂಗುಲ ಅಗಲದ ಆ ಪಟ್ಟಿಯು ಬಹು ದುಬಾರಿಯಾದದ್ದು. ಆದರೆ ಅಳಿಸಿ ಮತ್ತೆ ಬಳಸಬಹುದಾದದ್ದು. ಇತ್ತ ನಟರ ಸಂಘದೊಡನೆ ಮಾಡಿಕೊಂಡ ಒಪ್ಪಂದವು ಮರುಪ್ರಸಾರಕ್ಕೆ ಮಿತಿಯನ್ನು ಹಾಕಿದ್ದಿತು. ಮತ್ತೆ ತೋರಿಸಲಾಗದ ನಾಟಕವನ್ನು ಕಾಪಾಡಿ ಫಲವೇನು? ಬಳಪದ ಹಲಗೆಯನ್ನು ಒರೆಸುವಂತೆ ಒರೆಸಿದರು. 1978ರ ಸುಮಾರಿಗೆ ಈ ಪದ್ಧತಿಯು ನಿಲ್ಲುವಷ್ಟರಲ್ಲಿ ನೂರಾರು ಕಾರ್ಯಕ್ರಮಗಳು ಅಳಿದುಹೋಗಿದ್ದವು. ಓಲೆಯ ಕಟ್ಟುಗಳನ್ನು ಗೆದ್ದಲಿಗೆ ಬಿಟ್ಟುಕೊಟ್ಟ ನಾಡಿನವರಾದ ನಾವು ಅವರನ್ನು ನೋಡಿ ನಗುವಂತಿಲ್ಲ.

ಅಷ್ಟರಲ್ಲಿ ಕಾಲವು ಬದಲಾಗಿದ್ದಿತು. 1975ರಲ್ಲಿ ಬೀಟಾಮ್ಯಾಕ್ಸ್, 1976ರಲ್ಲಿ ವಿ. ಎಚ್. ಎಸ್. ಎಂಬ ಪಟ್ಟಿಗಳು ಜಪಾನಿನಿಂದ ಹೊರಟು ಗೃಹಸ್ಥರ ಮನೆಗಳನ್ನು ಹೊಕ್ಕವು. ಸಂಸ್ಥೆಯ ವ್ಯಾಪಾರ ಶಾಖೆಯಾದ ಬಿ. ಬಿ. ಸಿ. ಎಂಟರ್‌ಪ್ರೈಸಸ್ 1980ರಲ್ಲಿ ‘ಬಿ. ಬಿ. ಸಿ. ವೀಡಿಯೊ’ ವಿಭಾಗವನ್ನು ತೆರೆಯಿತು. ನಿನ್ನೆಯವರೆಗೆ ಕಸವಾಗಿದ್ದುದು ಇಂದು ಸರಕಾಯಿತು!

ಇಲ್ಲೊಂದು ಸ್ವಾರಸ್ಯವುಂಟು. ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯು ಅಲ್ಲಿನ ಮಕ್ಕಳಿಗೆ ಅಚ್ಚುಮೆಚ್ಚು. 1983ರಲ್ಲಿ ಲಾಂಗ್ಲೀಟ್ ಎಂಬಲ್ಲಿ ನೆರೆದ ಅಭಿಮಾನಿಗಳನ್ನು, ಯಾವ ಕಥೆಯನ್ನು ಮೊದಲು ಪ್ರಕಟಿಸಬೇಕೆಂದು ಕೇಳಲಾಯಿತು. ಅವರು ಬಯಸಿದ್ದು 1967ರ ‘ಟೂಂಬ್ ಆಫ್ ದಿ ಸೈಬರ್‌ಮೆನ್’. ಅದಾದರೋ ಭಂಡಾರದಲ್ಲಿಯೇ ಇರಲಿಲ್ಲ! ಕೊನೆಗೆ ಅದೇ ವೈರಿಗಳ ಇನ್ನೊಂದು ಕಥೆಯಾದ, 1975ರ ‘ರಿವೆಂಜ್ ಆಫ್ ದಿ ಸೈಬರ್‌ಮೆನ್’ ಎಂಬುದನ್ನು ಹೊರತಂದು ಸಮಾಧಾನಪಡಿಸಿದರು.

ಆದರೆ ಹೊರದೇಶಗಳಿಗೆ ಮಾರುವುದಕ್ಕಾಗಿ ಫಿಲ್ಮಿನ ಪ್ರತಿಗಳನ್ನು ತೆಗೆಯುವ ವಾಡಿಕೆಯು ಹಿಂದೆ ಇದ್ದಿತಷ್ಟೆ. ಹಾಂಗ್‌ಕಾಂಗಿನಲ್ಲಿ ಉಳಿದಿದ್ದ ಅಂತಹ ಪ್ರತಿಯೊಂದು ಮರಳಿ ದೊರೆಯಿತು. ಕಳೆದುಹೋದ ಆ ಕಥೆಯ ನಾಲ್ಕು ಭಾಗಗಳೂ ಅದರಲ್ಲಿದ್ದವು. 1992ರ ಮೇ ತಿಂಗಳಲ್ಲಿ ಅದನ್ನು ವೀಡಿಯೊ ರೂಪದಲ್ಲಿ ಪ್ರಕಟಿಸಿದರು. ತಾಯ್ಮನೆಯು ಎಸೆದುದನ್ನು ದೂರದವರು ಇಟ್ಟುಕೊಂಡಿದ್ದರೆಂಬುದು ಗಡಿನಾಡಿನ ನಮಗೆ ಅಷ್ಟೇನೂ ವಿಚಿತ್ರವೆನಿಸದು.

ತರುವಾಯದ ವ್ಯವಹಾರವನ್ನು ಸಂಕ್ಷೇಪವಾಗಿ ಹೇಳಬಹುದು. 1995ರಲ್ಲಿ ವ್ಯಾಪಾರ ಶಾಖೆಯು ಬಿ. ಬಿ. ಸಿ. ವರ್ಲ್ಡ್‌ವೈಡ್ ಎಂಬ ಹೆಸರನ್ನು ತಳೆಯಿತು. 2004ರಲ್ಲಿ ವೀಡಿಯೊ ವಿಭಾಗವು ವೂಲ್‌ವರ್ತ್ಸ್ ಕಂಪನಿಯ ಪ್ರಕಾಶನದೊಡನೆ ಕೂಡಿ ‘2 ಎಂಟರ್‌ಟೇನ್’ ಆಯಿತು. ವೂಲ್‌ವರ್ತ್ಸ್ 2008ರಲ್ಲಿ ಕುಸಿದುಬಿದ್ದಿತು. 2010ರಲ್ಲಿ ಅದರ ಪಾಲನ್ನೂ ಬಿ. ಬಿ. ಸಿ.ಯ ಶಾಖೆಯೇ ಕೊಂಡಿತು. ಪಟ್ಟಿಯ ಸ್ಥಾನಕ್ಕೆ ಡಿ. ವಿ. ಡಿ. ಬಂದು, ಅದರ ಕಾಲವೂ ಇಳಿಮುಖವಾಗುತ್ತಿದ್ದಿತು.

ನೈಜೀರಿಯದ ಜೋಸ್ ಪಟ್ಟಣದ ದೂರದರ್ಶನ ಕೇಂದ್ರದಲ್ಲಿ ಅದೇ ಧಾರಾವಾಹಿಯ ಕಳೆದುಹೋಗಿದ್ದ ಒಂಬತ್ತು ಭಾಗಗಳು ದೊರೆತುವೆಂಬ ವಾರ್ತೆಯು 2013ರ ಅಕ್ಟೋಬರದಲ್ಲಿ ಪ್ರಕಟವಾಯಿತು. ಅವು ಮೊದಲು ಮಾರಾಟವಾದದ್ದು ಪಟ್ಟಿಯಾಗಿಯೂ ಅಲ್ಲ, ತಟ್ಟೆಯಾಗಿಯೂ ಅಲ್ಲ. ಅಂತರ್ಜಾಲದ ಮೂಲಕ, ಕೈಗೆ ಸಿಗುವ ಯಾವ ವಸ್ತುವೂ ಇಲ್ಲದೆ.